ದರ್ಜಿ ಹೊಲಿದ ತಂತಿ

"ಗುರುಗಳೇ, ಇನ್ನು ಏನನ್ನು ಮುಚ್ಚಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಈಗಾಗಲೇ ಏನೇನು ಮುಚ್ಚಿದ್ದೀಯೆ?"

ಶಿಷ್ಯ ಹೇಳಿದ. ಮಠಕ್ಕೆ ಬಂದ ಮೇಲೆ ಅವನು ಊರಿನ ಸುದ್ದಿ ಕೇಳುವುದನ್ನು ಬಿಟ್ಟಿದ್ದ. ರಸ್ತೆಯ ಕಡೆಗಿನ ಕಿಟಕಿಯನ್ನು ತೆರೆಯುತ್ತಿರಲಿಲ್ಲ. ಅವನನ್ನು ಸಾಕಿ ಬೆಳೆಸಿದ ಅಕ್ಕ ಫೋನು ಮಾಡಿದರೆ ಇಲ್ಲವೆಂದು ಹೇಳಿಸುತ್ತಿದ್ದ. ಅಂದು ಬೆಳಿಗ್ಗೆಯೂ ಹಾಗೆಯೇ ಹೇಳಿಸಿದ್ದ. ಆದರೂ ಧ್ಯಾನಕ್ಕೆ ಕುಳಿತರೆ ಒಳಗೆ ಏನೋ ಗುಂಯ್ ಎನ್ನುತ್ತಿತ್ತು. ಒಂದೊಂದು ಬಾಗಿಲು ಮುಚ್ಚಿದಾಗಲೂ ಅದು ಇನ್ನಷ್ಟು ಹತ್ತಿರ ಬರುತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ ಇದ್ದ. ತಾಯಿಯಿಲ್ಲದ ಅವನನ್ನು ಅಕ್ಕ ಸಾಕಿದಳು.

ಅಕ್ಕ ಎಂಬ ಮಾತಿಗೆ ಶಿಷ್ಯ ತಲೆ ಎತ್ತಿದ. ಗುರುಗಳು ಬತ್ತಿ ಹೊಸೆಯುತ್ತಲೇ ಇದ್ದರು.

ಸೂಜಿ ಹಿಡಿಯುವುದನ್ನು ಅವನಿಗೆ ಕಲಿಸಿದವಳೂ ಅವಳೇ. ಅವನು ಮಿಷನ್ ತುಳಿಯುವಾಗ ಅವಳು ಪಕ್ಕದಲ್ಲಿ ಕೂತು, ಅಂಗಿಗಳಿಗೆ ಗುಂಡಿ ಹಚ್ಚುತ್ತ ಹಾಡುತ್ತಿದ್ದಳು. ಪಕ್ಕದ ಮನೆಯ ಟೀಚರಮ್ಮ ಒಮ್ಮೆ ಆ ಹಾಡನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದಳು. ಅಕ್ಕ ತೀರಿಕೊಂಡ ಮೇಲೆ ಅದನ್ನು ದರ್ಜಿಗೆ ತಂದುಕೊಟ್ಟಳು. "ಹಾಡು ಮುಗಿದ ಮೇಲೆ ನಿಮ್ಮನ್ನ ಕರೀತಾರೆ ಅಣ್ಣಾ. ಕೊನೇವರೆಗೂ ಕೇಳಿ" ಎಂದಳು.

ದರ್ಜಿ ಕೇಳಿದ. ಹಾಡು ಬಂತು. ಜೊತೆಗೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದೂ ಬಂತು. ಹಾಡು ಮುಗಿದ ಮೇಲಿನ ಮೆಲುಮಾತು ಅದರಲ್ಲಿ ಮುಳುಗಿಹೋಯಿತು. ವಾಲ್ಯೂಮ್ ಏರಿಸಿದರೆ ಸದ್ದೂ ಏರುತ್ತಿತ್ತು. ಟೇಪ್ ರೆಕಾರ್ಡರಿನಿಂದ ಆಂಪ್ಲಿಫೈಯರಿಗೆ ಹೋಗುವ ತೆಳು ತಂತಿ, ಗೋಡೆಯ ಕರೆಂಟ್ ತಂತಿಯನ್ನು ಒತ್ತಿಕೊಂಡೇ ಹಾದಿತ್ತು. ಅದನ್ನು ದೂರ ಸರಿಸಿದ. ಸದ್ದು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಆ ಸಣ್ಣ ಅಂಗಡಿಯಲ್ಲಿ ಕರೆಂಟ್ ತಂತಿಯಿಲ್ಲದ ಗೋಡೆಯೇ ಇರಲಿಲ್ಲ.

ದರ್ಜಿಗೆ ಗೊತ್ತಿದ್ದದ್ದು ಬಟ್ಟೆ. ತಂತಿಗೆ ಒಂದು ತೋಳು ಹೊಲಿದ, ಒಳಗೆ ದಪ್ಪ ಲೈನಿಂಗ್ ಕೊಟ್ಟ. ಸದ್ದು ಹಾಗೆಯೇ ಇತ್ತು.

ಟೀಚರಮ್ಮ ನೋಡಿ ನಕ್ಕಳು. "ತಂತಿಗೆ ಚಳಿ ಆಗಿತ್ತಾ ಅಣ್ಣಾ? ಇದು ಕರೆಂಟಿನ ಸದ್ದು, ಬಟ್ಟೆಗೆ ನಿಲ್ಲಲ್ಲ. ಚಪಾತಿ ಸುತ್ತೋ ಅಲ್ಯೂಮಿನಿಯಂ ಹಾಳೆ ಇದೆಯಲ್ಲ, ಅದನ್ನ ಸುತ್ತಿ." ಮನೆಯಿಂದ ಒಂದು ಸುರುಳಿಯನ್ನೂ ತಂದುಕೊಟ್ಟಳು. ಉಳಿದದ್ದನ್ನು ಹೇಳುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಅವಳು ಓಡಿದಳು.

ದರ್ಜಿ ಹಾಳೆ ಸುತ್ತಿದ. ಒಂದು ಸುತ್ತಿನ ಮೇಲೆ ಇನ್ನೊಂದು ಅರ್ಧ ಕೂರುವಂತೆ, ಎಲ್ಲೂ ಸಂದು ಬಿಡದೆ ಸುತ್ತಿದ. ಮೇಲೆ ತೋಳು ತೊಡಿಸಿದ. ಎರಡೂ ತುದಿಗಳನ್ನು ಒಳಕ್ಕೆ ಮಡಚಿ ಬಿಗಿಯಾಗಿ ಹೊಲಿದ. ಹೊರಗೆ ತುದಿ ಕಾಣಬಾರದು ಎಂದು ಅಕ್ಕ ಕಲಿಸಿದ್ದಳು. ಅಷ್ಟು ಚೆಂದದ ಹೊಲಿಗೆ ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಕ್ಯಾಸೆಟ್ ಹಾಕಿದ. ಗುಂಯ್.

ಬಿಚ್ಚಿ, ಮತ್ತೊಂದು ಪದರ ಸುತ್ತಿ, ಮತ್ತೆ ಹೊಲಿದ. ಗುಂಯ್. ಕೇಳಿ ಕೇಳಿ ಟೇಪು ಸವೆಯತೊಡಗಿತ್ತು. ಒಂದೆರಡು ಕಡೆ ಅಕ್ಕನ ದನಿ ಆಗಲೇ ಮಾಸಿತ್ತು. ಅವಳು ಕರೆಯುವ ಜಾಗವೂ ಹೀಗೆಯೇ ಅಳಿಸಿಹೋದರೆ? ದರ್ಜಿ ಕ್ಯಾಸೆಟ್ಟನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ.

ಶಾಲೆ ಬಿಟ್ಟ ಮೇಲೆ ಟೀಚರಮ್ಮ ಬಂದಳು. ತಂತಿಯ ಉದ್ದಕ್ಕೂ ಬೆರಳಾಡಿಸಿದಳು. "ಹಾಳೆಯ ತುದಿ ಎಲ್ಲಿ ಅಣ್ಣಾ?"

"ತುದಿ ಬಿಡೋನು ದರ್ಜಿ ಹೇಗಾಗ್ತಾನಮ್ಮಾ?"

"ಇದೇನು ಅಂಗಿಯಾ? ಹಾಳೆ ಹೊರಗಿನ ಸದ್ದನ್ನ ತಾನು ಹಿಡ್ಕೊಳ್ಳುತ್ತೆ. ಹಿಡಿದದ್ದನ್ನ ಇಳಿಸೋಕೆ ಅದಕ್ಕೊಂದು ದಾರಿ ಬೇಡವಾ? ನೀವು ಎರಡೂ ಕಡೆ ಹೊಲಿದುಬಿಟ್ರೆ ಅದು ಎಲ್ಲಿಗೆ ಹೋಗಬೇಕು? ಒಂದು ತುದಿ ಬಿಚ್ಚಿ. ಹಾಳೆಗೆ ಒಂದು ತಾಮ್ರದ ಎಳೆ ಸುತ್ತಿ, ಆಂಪ್ಲಿಫೈಯರಿನ ಕಬ್ಬಿಣದ ಮೈಗೆ ಕಟ್ಟಿ. ಒಂದು ತುದಿ ಸಾಕು."

ದರ್ಜಿ ಕತ್ತರಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಡಿಸಿದ. ಹಾಳೆಗೆ ತಾಮ್ರದ ಎಳೆ ಸುತ್ತಿ ಹೊರಗೆ ಬಿಟ್ಟ. ನೋಡಲು ಅಂದವಾಗಿರಲಿಲ್ಲ. ಅದನ್ನು ಹಾಗೆಯೇ ಆಂಪ್ಲಿಫೈಯರಿಗೆ ಕಟ್ಟಿದ.

ಕ್ಯಾಸೆಟ್ ಹಾಕಿದ. ಅಂಗಡಿ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದೊಳಗಿಂದ ಹಾಡು ಬಂತು. ಹಾಡಿನ ನಡುವೆ ಅಕ್ಕ ದಾರ ಕಡಿದದ್ದೂ ಕೇಳಿಸಿತು. ಹಾಡು ಮುಗಿಯಿತು. "ಸಾಕು ಏಳೋ, ಅನ್ನ ಆರ್ತಾ ಇದೆ" ಎಂದಳು ಅಕ್ಕ.

ದರ್ಜಿ ಎದ್ದು ನಿಂತ.

ಗುರುಗಳು ಇಷ್ಟು ಹೇಳಿ ಹೊಸೆದ ಬತ್ತಿಗಳನ್ನು ಒಟ್ಟುಮಾಡಿದರು. ಶಿಷ್ಯ ತಡೆದು ತಡೆದು ಕೇಳಿದ: "ಹಾಗಾದರೆ ನಾನು ಮುಚ್ಚಿದ್ದು ತಪ್ಪೇ, ಗುರುಗಳೇ?"

"ತಪ್ಪಲ್ಲ. ನಿನ್ನದೂ ಒಳ್ಳೆಯ ಹೊಲಿಗೆಯೇ. ಒಂದು ತುದಿಯನ್ನು ಯಾರಿಗೆ ಕಟ್ಟಿದ್ದೀಯೆ?"

ಶಿಷ್ಯ ಎದ್ದು, ಅಕ್ಕನಿಗೆ ಫೋನು ಮಾಡಲು ಹೋದ.