ಬಾ ಎನ್ನದೆ ಕಳಿಸಿದವನು

“ಬುದ್ಧಿ, ಗುಂಪಿನೊಡನೆ ಹೋಗುವುದು ಕ್ಷೇಮವೋ, ನಮ್ಮಷ್ಟಕ್ಕೆ ನಾವು ಹೋಗುವುದು ಕ್ಷೇಮವೋ? ಯಾವುದರಲ್ಲಿ ಭಯ ಕಡಿಮೆ?” ಎಂದು ನಿಜಗುಣ ಗುರುಗಳನ್ನು ಕೇಳಿದ.

ನಿಜಗುಣ ಮಠದ ಶಿಷ್ಯ. ಅವನೂ ಅವನ ಜೊತೆಗಾರ ಬಸವಂತನೂ ಬೆಟ್ಟದ ಕ್ಷೇತ್ರಕ್ಕೆ ತಾವಿಬ್ಬರೇ ನಡೆದು ಹೋಗುವುದೆಂದು ಬಹಳ ದಿನದಿಂದ ಮಾತಾಡಿಕೊಂಡಿದ್ದರು. ಹೊರಡುವ ಹೊತ್ತಿಗೆ ಬಸವಂತನಿಗೆ ಜ್ವರ ಬಂತು. ಅಷ್ಟರಲ್ಲಿ ಮಠದ ದೊಡ್ಡ ಗುಂಪೊಂದು ಅದೇ ಕ್ಷೇತ್ರಕ್ಕೆ ಹೊರಟು ನಿಂತಿತು. ಗುಂಪಿನಲ್ಲಿ ಅಡುಗೆಯವರಿದ್ದರು, ದಾರಿ ಬಲ್ಲವರಿದ್ದರು, ತಂಗುವ ಜಾಗಗಳೂ ಗೊತ್ತಾಗಿದ್ದವು. ಆದರೆ ಕಹಳೆ ಊದಿದ ಮೇಲೆ ಗುಂಪು ಯಾರಿಗಾಗಿಯೂ ನಿಲ್ಲುವುದಿಲ್ಲ.

ಗುರುಗಳು ಬಾಗಿಲ ಕಡೆ ನೋಡಿದರು. ಹೊಸ್ತಿಲಾಚೆ ನಿಜಗುಣನ ಬಟ್ಟೆಗಂಟು ಬಿಗಿಯಾಗಿ ಕಟ್ಟಿಸಿಕೊಂಡು ಕೂತಿತ್ತು.

“ಬಸವಂತ ಹೇಗಿದ್ದಾನೆ?”

“ನಿದ್ದೆ ಮಾಡ್ತಿದ್ದಾನೆ ಬುದ್ಧಿ. ಎಬ್ಬಿಸಲಿಲ್ಲ.”

“ಗಂಟು ಕಟ್ಟಿ ಆದ ಮೇಲೆ ಸಲಹೆ ಕೇಳುವ ಶಿಷ್ಯರೇ ನನಗೆ ಸಿಗುವುದು. ಇರಲಿ, ಕೂತುಕೋ. ನಾನು ಹಡಗು ಹತ್ತಿದವನಲ್ಲ. ಆದರೂ ಹಡಗಿನದೊಂದು ಕತೆ ಹೇಳುತ್ತೇನೆ,” ಎಂದು ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಒಳ್ಳೆಯವನೇ, ಆದರೆ ಬಹಳ ಪುಕ್ಕಲು. ಅಂಗಡಿಗೆ ಬೀಗ ಹಾಕಿ ಎಳೆದು ನೋಡುತ್ತಿದ್ದ. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, ಮತ್ತೆ ಎಳೆದು ನೋಡುತ್ತಿದ್ದ. ಬೀಗಕ್ಕೆ ಬಾಯಿದ್ದಿದ್ದರೆ ಬೈಯುತ್ತಿತ್ತು.

ಅವನ ಹೆಂಡತಿಗೆ ಇದ್ದದ್ದು ಒಂದೇ ಆಸೆ. ಅವಳ ತಂದೆ ಸರಕಿನ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ಅವಳು ಚಿಕ್ಕವಳಿದ್ದಾಗ, ದೂರದ ಒಂದು ದ್ವೀಪದ ಬಂದರಿನಲ್ಲಿ ಅವನಿಗೆ ಜ್ವರ ಬಂತು. ಹಡಗಿನವರು ಅವನನ್ನು ದಡದಲ್ಲಿ ಇಳಿಸಿ ಮುಂದೆ ಹೋದರು. ಅವನು ಅಲ್ಲೇ ತೀರಿಕೊಂಡ. ಆ ಊರಿನವರೇ ಮಣ್ಣು ಮಾಡಿದರು. ತಂದೆಯ ಸಮಾಧಿಗೆ ಒಂದು ಸಲ ವಿಭೂತಿ ಇಟ್ಟು ಬರಬೇಕು ಎಂದು ಅವಳು ಮದುವೆಯಾದ ದಿನದಿಂದ ಹೇಳುತ್ತಿದ್ದಳು. ಆಗಲಿ ನೋಡೋಣ ಎಂದು ಇವನು ಮದುವೆಯಾದ ದಿನದಿಂದ ಹೇಳುತ್ತಿದ್ದ.

ಕೊನೆಗೆ ಆ ದ್ವೀಪದಲ್ಲಿ ನಿಂತು ಹೋಗುವ ಪ್ರವಾಸಿ ಹಡಗೊಂದು ಇದೆ ಎಂದು ತಿಳಿಯಿತು. ಇನ್ನು ತಪ್ಪಿಸಿಕೊಳ್ಳಲು ನೆಪ ಉಳಿಯಲಿಲ್ಲ. ಇಬ್ಬರೂ ಹತ್ತಿದರು. ಹಡಗೆಂದರೆ ಸಣ್ಣದಲ್ಲ, ಒಳಗೆ ಒಂದು ಊರೇ ಇತ್ತು. ಗೋಡೆ, ದೀಪ, ಹೊತ್ತು ಹೊತ್ತಿಗೆ ಊಟ. ವ್ಯಾಪಾರಿ ಅದರೊಳಗೆ ನೆಮ್ಮದಿಯಾಗಿದ್ದ. ಹೊರಗಿನ ನೀರಿನ ಕಡೆ ಮಾತ್ರ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಡಗು ಆ ದ್ವೀಪದ ಬಂದರಿಗೆ ಬಂದು ನಿಂತಿತು. ಸಂಜೆ ಹೊರಡುತ್ತದೆ ಎಂದರು. ಊರು ನೋಡಲು ಹಡಗಿನವರೇ ಬಸ್ಸು ಗೊತ್ತುಮಾಡಿದ್ದರು. ಬಸ್ಸು ಬೇಡವಾದವರು ಬಂದರಿನ ಹೊರಗೆ ನಿಂತ ಬಾಡಿಗೆ ಕಾರು ಹಿಡಿದು ತಮ್ಮ ಪಾಡಿಗೆ ತಾವು ಸುತ್ತಬಹುದಿತ್ತು. ಬಸ್ಸು ಗುಡ್ಡದ ಮೇಲಿನ ಕೋಟೆ ತೋರಿಸುತ್ತದೆ, ತೋಟ ತೋರಿಸುತ್ತದೆ, ಬೇಡವೆಂದರೂ ಅಂಗಡಿ ತೋರಿಸುತ್ತದೆ. ಯಾರದೋ ತಂದೆಯ ಸಮಾಧಿ ತೋರಿಸುವುದಿಲ್ಲ.

ವ್ಯಾಪಾರಿ ಹಡಗಿನ ಬಾಗಿಲಲ್ಲಿದ್ದ ಅಧಿಕಾರಿಯನ್ನು ಒಂದೇ ಪ್ರಶ್ನೆ ಕೇಳಿದ. “ತಡವಾದರೆ ಹಡಗು ಕಾಯುತ್ತದೆಯೇ?”

“ನಮ್ಮ ಬಸ್ಸಿನಲ್ಲಿ ಹೋದವರಿಗೆ ಕಾಯುತ್ತೇವೆ. ತಾವಾಗಿ ಹೋದವರಿಗೆ ಕಾಯುವುದಿಲ್ಲ,” ಎಂದ ಅಧಿಕಾರಿ.

ವ್ಯಾಪಾರಿ ಅಷ್ಟಕ್ಕೇ ಹೆದರಿದ. ಹೆಂಡತಿಯನ್ನು ಪಕ್ಕಕ್ಕೆ ಕರೆದ.

“ಬಸ್ಸಲ್ಲೇ ಹೋಗೋಣ ಕಣೇ. ಗುರುತಿಲ್ಲದ ಊರು, ಇವರ ಮಾತು ನಮಗೆ ಬರಲ್ಲ. ಹಡಗು ಬಿಟ್ಟು ಹೋದ್ರೆ ಏನು ಗತಿ?”

“ಇಷ್ಟು ದೂರ ಬಂದಿದ್ದು ಅಂಗಡಿ ನೋಡೋಕಲ್ಲ ರೀ. ನೀವೂ ಬನ್ನಿ ನನ್ ಜೊತೆ. ಭಯ ಆದ್ರೆ ಬಸ್ಸಲ್ಲಿ ಹೋಗಿ, ನಾನೊಬ್ಳೇ ಅಪ್ಪನ ಹತ್ರ ಹೋಗ್ತೀನಿ.”

ಅವನು ಬಸ್ಸಿನ ಕಡೆ ತಿರುಗಿದ. ಅವಳು ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ವಿಭೂತಿ ಉಂಡೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. “ಬರ್ತೀನ್ರೀ” ಎಂದಳು.

ವ್ಯಾಪಾರಿಗೆ ಭಯ, ಭಯದ ಮೇಲೆ ಸಿಟ್ಟು. “ಹೋಗು” ಎಂದ.

ಬರೀ ಹೋಗು. ನೋಡು ನಿಜಗುಣ, ನಮ್ಮಲ್ಲಿ ಯಾರೂ ಯಾರನ್ನೂ ಹಾಗೆ ಕಳಿಸುವುದಿಲ್ಲ. ಬೀದಿ ತುದಿಗೆ ಹಾಲು ತರಲು ಹೊರಟವರೂ ಬರ್ತೀನಿ ಎನ್ನುತ್ತಾರೆ. ಕಳಿಸುವವರು ಹೋಗಿ ಬಾ ಎನ್ನುತ್ತಾರೆ. ಜಗಳವಾಡಿಕೊಂಡು ಹೊರಟವರಿಗೂ ಬಾಗಿಲಿನಿಂದ ಒಂದು ಬಾ ಸಿಗುತ್ತದೆ. ಹೆಣಕ್ಕೆ ಮಾತ್ರ ನಾವು ಬಾ ಎನ್ನುವುದಿಲ್ಲ.

ಬಸ್ಸು ಹೊರಟ ಮೇಲೆ ವ್ಯಾಪಾರಿಗೆ ಅದು ಹೊಳೆಯಿತು. ಬಾ ಅನ್ನಲಿಲ್ಲವಲ್ಲ! ಕಿಟಕಿಯ ಕಡೆ ತಿರುಗಿದ. ಹೆಂಡತಿ ಒಂದು ಹಳೆಯ ಕಾರಿನೊಳಗೆ ಕೂರುತ್ತಿದ್ದಳು. ಕಿಟಕಿ ತೆರೆಯಲು ನೋಡಿದ. ಅದು ತೆರೆಯುವ ಕಿಟಕಿಯಲ್ಲ. ಬಸ್ಸು ತಿರುವು ದಾಟಿತು, ಅವಳು ಕಾಣಲಿಲ್ಲ.

ಬಸ್ಸಿನವರ ಎದೆಗೆಲ್ಲ ಒಂದೊಂದು ಬಣ್ಣದ ಚೀಟಿ ಅಂಟಿಸಿದ್ದರು. ಮುಂದೆ ಒಬ್ಬ ದಾರಿ ತೋರಿಸುವವನು ಸಣ್ಣ ಬಾವುಟ ಹಿಡಿದು ನಡೆಯುತ್ತಿದ್ದ. ತಲೆ ನೆರೆತವರೆಲ್ಲ ಶಾಲೆ ಮಕ್ಕಳ ಹಾಗೆ ಅದರ ಹಿಂದೆ ನಡೆದರು. ಎಡಕ್ಕೆ ನೋಡಿ ಎಂದರೆ ಎಡಕ್ಕೆ ನೋಡಿದರು. ವ್ಯಾಪಾರಿ ಮಾತ್ರ ಏನನ್ನೂ ನೋಡಲಿಲ್ಲ. ಕೋಟೆಯ ಬಾವಿ ತೋರಿಸಿದರೆ ಅದರ ಕತ್ತಲಲ್ಲಿ ಹೆಂಡತಿ ಬಿದ್ದಂತೆ ಕಂಡಿತು. ಗೋಡೆಯ ಮೇಲಿಂದ ಸಮುದ್ರ ತೋರಿಸಿದರೆ ಕೆಳಗಿನ ಬಂಡೆಗಳ ನಡುವೆ ಸೀರೆಯೊಂದನ್ನು ಹುಡುಕಿದ. ಅವಳ ಫೋನಿಗೆ ಕರೆ ಮಾಡಿದ, ಮತ್ತೆ ಮಾಡಿದ. ಅವರ ಊರಿನ ಫೋನು ಆ ದ್ವೀಪದಲ್ಲಿ ಉಸಿರೆತ್ತಲಿಲ್ಲ. ಒಂದು ಮಾತು ಹೇಳದೆ ಬಿಟ್ಟದ್ದಕ್ಕೆ ಅವನಿಗೆ ಮೈಯೆಲ್ಲ ಬೆವರು.

ಮಧ್ಯಾಹ್ನ ಕಳೆದು ಹಿಂದಿರುಗುವ ಹೊತ್ತಿಗೆ ಬಾವುಟದವನಿಗೆ ಸುದ್ದಿ ಬಂತು. ಗುಡ್ಡದ ದಾರಿಗೆ ಬಂಡೆ ಉರುಳಿದೆ, ಸಮುದ್ರದ ಬದಿಯ ದಾರಿಯಲ್ಲಿ ಸುತ್ತಿಕೊಂಡು ಹೋಗಬೇಕು, ತಡವಾಗುತ್ತದೆ. ಬಸ್ಸಿನಲ್ಲಿ ಗುಸುಗುಸು ಎದ್ದಿತು. “ಹಡಗು ನಮಗೆ ಕಾಯುತ್ತದೆ,” ಎಂದು ಬಾವುಟದವನು ನಕ್ಕ. ಎಲ್ಲರೂ ಸಮಾಧಾನವಾಗಿ ಒರಗಿಕೊಂಡರು. ಕೆಲವರು ಗೊರಕೆ ಹೊಡೆದರು. ವ್ಯಾಪಾರಿಗೆ ನಿದ್ದೆ ಎಲ್ಲಿಂದ ಬರಬೇಕು? ಹೆಂಡತಿ ಯಾವ ದಾರಿಯಲ್ಲಿ ಹೋದಳೋ ಅವನಿಗೆ ಗೊತ್ತಿರಲಿಲ್ಲ. ಅವನು ಕೇಳಿರಲೇ ಇಲ್ಲ.

ಮಬ್ಬುಗತ್ತಲಾಗುವ ಹೊತ್ತಿಗೆ ಬಸ್ಸು ಬಂದರು ಸೇರಿತು. ಬಂದರಿನ ಗೇಟಿನಲ್ಲಿದ್ದ ಕಾವಲುಗಾರ ಇವನನ್ನು ನೋಡಿದವನೇ ಓಡಿ ಬಂದ. ತನ್ನ ಭಾಷೆಯಲ್ಲಿ ಏನೇನೋ ಹೇಳಿದ. ತಲೆಯ ಮೇಲೆ ಸೆರಗು ಹೊದ್ದವರ ಹಾಗೆ ಕೈ ಮಾಡಿ ತೋರಿಸಿದ. ಆಮೇಲೆ ಗುಡ್ಡದ ಕಡೆ ಬೆರಳು ಚಾಚಿದ.

ವ್ಯಾಪಾರಿ ನಿಂತುಬಿಟ್ಟ. ನನ್ನ ಹೆಂಡತಿ, ಆ ಗುಡ್ಡ, ಆ ಬಂಡೆ. ಅವನಿಗೆ ಅರ್ಥವಾದದ್ದು ಅಷ್ಟೇ. ಹಿಂದಿನಿಂದ ಬಾವುಟದವನು ಬೇಗ ಬೇಗ ಎಂದು ಕೂಗಿದ. ವ್ಯಾಪಾರಿ ಗುಡ್ಡದ ಕಡೆ ಒಮ್ಮೆ ನೋಡಿದ, ಬಾವುಟದ ಕಡೆ ಒಮ್ಮೆ ನೋಡಿದ. ಬಾವುಟದ ಹಿಂದೆ ನಡೆದ. ಹತ್ತಿದ್ದಾಳೋ ಏನೋ, ಮೊದಲು ಹಡಗಿನಲ್ಲಿ ವಿಚಾರಿಸೋಣ ಎಂದು ತನಗೆ ತಾನೇ ಹೇಳಿಕೊಂಡ.

ಹಡಗಿನ ಬಾಗಿಲಲ್ಲಿ ಅದೇ ಅಧಿಕಾರಿ ನಿಂತಿದ್ದ. ಅವನು ವಿಚಾರಿಸಿ ನೋಡಿ, ನಿಮ್ಮ ಹೆಂಡತಿ ಬಂದಿಲ್ಲ ಎಂದ.

“ಸ್ವಲ್ಪ ಕಾಯಿರಿ ಸ್ವಾಮಿ, ನಿಮ್ಮ ಕಾಲು ಹಿಡಿಯುತ್ತೇನೆ. ನಾನು ನಿಮ್ಮ ಬಸ್ಸಿನಲ್ಲೇ ಹೋದವನಲ್ಲವೇ?”

“ನಿಮಗೆ ಕಾದೆವಲ್ಲ. ಅವರಿಗೆ ಕಾಯುವುದಿಲ್ಲ. ನೀವು ಬೇಕಾದರೆ ಇಳಿಯಬಹುದು, ಏಣಿ ಇನ್ನೂ ತೆಗೆದಿಲ್ಲ.”

ವ್ಯಾಪಾರಿ ಏಣಿಯ ತುದಿಗೆ ಬಂದು ನಿಂತ. ಕೆಳಗೆ ದಡ ಕಪ್ಪಾಗುತ್ತಿತ್ತು. ಒಂದು ಕಾಲನ್ನು ಏಣಿಯ ಮೇಲೆ ಇಟ್ಟ. ಇಳಿದರೆ ಎಲ್ಲಿ ಮಲಗುವುದು, ಯಾರನ್ನು ಕೇಳುವುದು, ಯಾವ ಭಾಷೆಯಲ್ಲಿ ಕೇಳುವುದು? ಅವಳು ಬದುಕಿಲ್ಲದಿದ್ದರೆ ಈ ಊರಿನಲ್ಲಿ ಒಬ್ಬನೇ ಏನು ಮಾಡುವುದು? ಅಷ್ಟರಲ್ಲಿ ಹಡಗು ಕೂಗಿತು. ಇಟ್ಟ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

ಏಣಿ ಎತ್ತಿದರು. ಹಗ್ಗ ಬಿಚ್ಚಿದರು. ಹಡಗಿಗೂ ದಡಕ್ಕೂ ನಡುವೆ ಕಪ್ಪು ನೀರು ಕಂಡಿತು, ನೋಡುತ್ತಿದ್ದಂತೆ ಅಗಲವಾಯಿತು.

ಆಗ ಅವಳು ಬಂದಳು. ಗೇಟು ದಾಟಿ, ಚಪ್ಪಲಿಯಿಲ್ಲದ ಕಾಲಲ್ಲಿ ಓಡಿ ಬಂದಳು. ಸೀರೆಯೆಲ್ಲ ಮಣ್ಣು. ದಡದ ಅಂಚಿಗೆ ಬಂದು ನಿಂತು ತಲೆಯೆತ್ತಿ ನೋಡಿದಳು. ಕಂಬಿಯ ಹಿಂದೆ ನಿಂತ ಗಂಡ ಕಂಡ. ಎರಡೂ ಕೈ ಎತ್ತಿ ದೇವರಿಗೆ ಮುಗಿದಳು.

“ಬಾ!” ಎಂದು ವ್ಯಾಪಾರಿ ಕೂಗಿದ. “ಬಾರೇ! ಬಾ!”

ಬೆಳಿಗ್ಗೆ ಹೇಳಬೇಕಾಗಿದ್ದ ಮಾತು. ಗಂಟಲು ಹರಿಯುವ ಹಾಗೆ ಕೂಗಿದ. ಹಡಗು ಇನ್ನೊಮ್ಮೆ ಕೂಗಿತು, ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಿಜಗುಣ ತಡೆಯಲಾರದೆ ಕೇಳಿದ.

“ಆಕೆ ಯಾಕೆ ಬುದ್ಧಿ ಅಷ್ಟು ತಡ ಮಾಡಿದ್ದು?”

“ಅವಳೆಲ್ಲಿ ತಡ ಮಾಡಿದಳು? ವಿಭೂತಿ ಇಟ್ಟು, ಹೊತ್ತಿಗೆ ಮುಂಚೆಯೇ ಬಂದರಿಗೆ ಬಂದಿದ್ದಳು. ಗಂಡನ ಬಸ್ಸು ಬಂದಿರಲಿಲ್ಲ. ಗುಡ್ಡದ ದಾರಿಗೆ ಬಂಡೆ ಉರುಳಿದೆ ಎಂದು ಅವಳ ಕಿವಿಗೂ ಬಿತ್ತು. ಬಸ್ಸಿಗೆ ಹಡಗು ಕಾಯುತ್ತದೆ, ಹತ್ತಿ ಕೂತುಕೊಳ್ಳಿ ಎಂದು ಹಡಗಿನವರು ಹೇಳಿದರು. ಅವಳು ಹತ್ತಲಿಲ್ಲ. ಗೇಟಿನ ಕಾವಲುಗಾರನಿಗೆ ಫೋನಿನಲ್ಲಿದ್ದ ಗಂಡನ ಚಿತ್ರ ತೋರಿಸಿ, ಅದೇ ಕಾರಿನಲ್ಲಿ ಅವನನ್ನು ಹುಡುಕಿಕೊಂಡು ಗುಡ್ಡಕ್ಕೆ ಹೋದಳು. ಬಂಡೆಯ ಅಡಿಯಲ್ಲಿ ಬಸ್ಸು ಇದೆಯೇನೋ ಎಂದು ಕೈಯಿಂದ ಮಣ್ಣು ಕೆದಕಿದಳು. ಬಸ್ಸು ಬೇರೆ ದಾರಿ ಹಿಡಿಯಿತು ಎಂದು ಅಲ್ಲಿಯವರು ತಿಳಿಸಿ ಹೇಳುವಷ್ಟರಲ್ಲಿ ಹೊತ್ತಾಗಿತ್ತು. ಕಾವಲುಗಾರ ಬೆರಳು ಚಾಚಿ ತೋರಿಸಿದ್ದು ಅದನ್ನೇ.”

“ಆಮೇಲೆ?”

“ಆಮೇಲೆ ಹೇಗೋ ಊರು ಸೇರಿದಳು. ಆ ಕಾವಲುಗಾರನ ಮನೆಯವರೇ ಇರಿಸಿಕೊಂಡು ಕಳಿಸಿದರಂತೆ. ಗಂಡನ ಜೊತೆ ಜಗಳವಾಡಲಿಲ್ಲ, ಅಡುಗೆ ಮಾಡಿ ಬಡಿಸಿದಳು. ಆದರೆ ಅಲ್ಲಿಂದ ಮುಂದೆ ಮನೆಯಿಂದ ಹೊರಡುವಾಗ ಅವಳು ಬರ್ತೀನಿ ಎನ್ನಲಿಲ್ಲ. ಚಪ್ಪಲಿ ಮೆಟ್ಟಿ ಸುಮ್ಮನೆ ಹೊರಡುತ್ತಿದ್ದಳು. ವ್ಯಾಪಾರಿ ಹೋಗಿ ಬಾ, ಹೋಗಿ ಬಾ ಎನ್ನುತ್ತ ಬೀದಿಯವರೆಗೂ ಹಿಂದೆ ಬರುತ್ತಿದ್ದ. ಅವಳು ತಿರುಗಿ ಮನೆಗೆ ಬರುವ ತನಕ ಹೊಸ್ತಿಲ ಮೇಲೆ ನಿಂತಿರುತ್ತಿದ್ದ. ಅಂಗಡಿಯ ಬೀಗ ಎಳೆದು ನೋಡುವುದನ್ನು ಮರೆತೇಬಿಟ್ಟ.”

ನಿಜಗುಣನಿಗೆ ಸಿಟ್ಟು ಬಂತು. “ಎಂಥಾ ಹಡಗು ಬುದ್ಧಿ ಅದು! ಒಬ್ಬ ಹೆಣ್ಣುಮಗಳಿಗಾಗಿ ಒಂದು ಗಳಿಗೆ ಕಾಯಬಾರದಾಗಿತ್ತೇ?”

ಹೊರಗೆ ಅಂಗಳದಲ್ಲಿ ಕಹಳೆ ಊದಿದರು. ನಿಜಗುಣ ಬೆಚ್ಚಿ ಎದ್ದು ನಿಂತ. ಅವನ ಕೈ ತಾನಾಗಿಯೇ ಹೊಸ್ತಿಲಾಚೆಯ ಗಂಟಿನ ಕಡೆ ಹೋಯಿತು. ಒಳಕೋಣೆಯಲ್ಲಿ ಯಾರೋ ಕೆಮ್ಮಿದರು.

ಗುರುಗಳು ಕೇಳಿದರು, “ಹಡಗಿನ ಮಾತು ಬಿಡು ಮಗಾ, ಬಸವಂತ ಎದ್ದು ನೀನೆಲ್ಲಿ ಎಂದು ಕೇಳಿದರೆ ಹೋದ ಅನ್ನಲೋ, ಹೋಗಿ ಬರ್ತಾನೆ ಅನ್ನಲೋ?”