ಟವಲಿನಡಿಯ ಬೆಲೆ

"ಗುರುಗಳೇ, ನಿಯತ್ತಿನವನಿಗೂ ಕಟ್ಟಳೆ ಬೇಕೇ?" ಎಂದು ಮರುಳಯ್ಯ ಕೇಳಿದ.

ಮಠದ ಕಾಣಿಕೆಯ ಉಸ್ತುವಾರಿ ಅವನದು. ಕಾರ್ಡು ಮೆಷಿನ್ನು ಭಕ್ತರ ಕಣ್ಣೆದುರೇ ಇರಬೇಕೆಂದು ಎಲ್ಲ ಶಾಖಾಮಠಗಳಿಗೂ ಒಂದೇ ಕಟ್ಟಳೆ ಬಂದಿತ್ತು. ಮರುಳಯ್ಯ ಮಾತ್ರ ಕಾರ್ಡು ಇಸಿದುಕೊಂಡು ಕೋಣೆಯೊಳಗೆ ಹೋಗುತ್ತಿದ್ದ. ಅಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿತ್ತು. ಈಚೆಗೆ ಭಕ್ತರ ಕಣ್ಣು ತನ್ನ ಬೆನ್ನಿಗೇ ನೆಟ್ಟಂತೆ ಅವನಿಗೆ ಅನ್ನಿಸುತ್ತಿತ್ತು.

ಗುರುಗಳು ಹೇಳಿದರು:

ಒಂದು ದನದ ಸಂತೆ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನಡಿ ಕೈ ಹಿಡಿದು ಬೆರಳು ಒತ್ತಿ ತಿಳಿಸುತ್ತಾರೆ. ಸಂತೆಗೆ ಕಾರ್ಡು ಮೆಷಿನ್ನು ಬಂತು. ದಲ್ಲಾಳಿಗಳು ಅದನ್ನೂ ಟವಲಿನಡಿಗೇ ತಳ್ಳಿದರು. ಎಷ್ಟು ಹಾಕಿದರು, ಯಾರು ಒತ್ತಿದರು, ದೇವರೇ ಬಲ್ಲ. ಜಗಳ ಹೆಚ್ಚಿತು. ಹಿರಿಯರು ಕೂತು ಎಲ್ಲರಿಗೂ ಒಂದೇ ಕಟ್ಟಳೆ ಮಾಡಿದರು: ಬೆಲೆ ಬಯಲಲ್ಲಿರಲಿ, ದನ ಕೊಳ್ಳುವವನ ಕೈಯಲ್ಲೇ ಕಾರ್ಡು ಇರಲಿ, ಅವನ ಗುಟ್ಟಿನ ನಂಬರು ಮಾತ್ರ ಟವಲಿನಡಿ ಇರಲಿ.

ಒಬ್ಬ ದಲ್ಲಾಳಿ ಮಾತ್ರ ಒಪ್ಪಲಿಲ್ಲ. ಅವನು ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. ಅವನ ಜೋಡಿ ಎತ್ತುಗಳೋ, ಒಮ್ಮೆ ಉಸಿರು ಬಿಟ್ಟರೆ ಮೂರು ಊರಿನ ರಾಶಿ ತೂರಿ ಹಸನಾಗುತ್ತಿತ್ತು. ನಗಬೇಡ, ಈ ಕಣ್ಣಿಂದಲೇ ಕಂಡದ್ದು.

ಒಬ್ಬ ರೈತ ಆ ಎತ್ತುಗಳಿಗೆ ಮನಸೋತ. ಬೆರಳಲ್ಲೇ ಬೆಲೆ ಕುದುರಿತು. ಮೆಷಿನ್ನು ಟವಲಿನಡಿ ಹೋಯಿತು. ನಂಬರು ಒತ್ತುತ್ತಿದ್ದ ರೈತನ ಬೆರಳು ನಡುವೆಯೇ ನಿಂತಿತು.

"ಸಾವ್ಕಾರ್ರೇ, ಟವಲು ಸ್ವಲ್ಪ ಎತ್ರಲ್ಲ."

"ನನ್ನ ಮೇಲೇ ಅನುಮಾನವೇನೋ? ಎತ್ತಿನ ಹಲ್ಲು ಎಣಿಸಿದ್ದು ಸಾಲದೆ ಈಗ ನನ್ನ ಹಲ್ಲೂ ಎಣಿಸ್ತೀಯಾ?"

"ಎತ್ತು ಬಾಯಿ ತೆರೀತು ಸಾವ್ಕಾರ್ರೇ, ನೀವು ತೆರೀಲಿಲ್ಲ."

ರೈತ ಕೈ ಎಳೆದುಕೊಂಡು ನಡೆದ. ಪಕ್ಕದವನು ಹೆಸರಾಂತ ಕಳ್ಳ; ಆದರೆ ಅವನ ಮೆಷಿನ್ನು ಬಯಲಲ್ಲಿತ್ತು. ರೈತ ಅವನಿಂದ ಬಡಕಲು ಜೋಡಿಯನ್ನೇ ಕೊಂಡು ಹೋದ.

ದಲ್ಲಾಳಿ ಟವಲು ಎತ್ತಿದ. ಬೆಲೆ ಸರಿಯಾಗಿಯೇ ಇತ್ತು. ನೋಡಲು ಯಾರೂ ಇರಲಿಲ್ಲ.

"ಅಯ್ಯೋ ಪಾಪ, ನಿಯತ್ತಿನ ಮನುಷ್ಯ," ಎಂದ ಮರುಳಯ್ಯ. "ಆ ಟವಲೊಂದನ್ನು ಎತ್ತಿದ್ದರೆ ಅವನ ಗಂಟೇನು ಹೋಗುತ್ತಿತ್ತು?"

ಗುರುಗಳು ಕಾಣಿಕೆಯ ಕೋಣೆಯತ್ತ ತಿರುಗಿ ನೋಡಿದರು.

"ನಿನ್ನ ಬಾಗಿಲೂ ಟವಲೇ ಅಲ್ಲವೇನಪ್ಪ?"