ಮಚ್ಚು ಮರದ್ದು, ಬಣ್ಣ ನಮ್ಮವ್ವಂದು

ಹೂಂ ಅನ್ನೋಕೆ ಒಬ್ಬರಿದ್ದರೆ ಸಾಕು, ಕತೆ ಹೇಳೋಕೆ ನಾನಿದ್ದೀನಿ. ಹೂಂ ಅನ್ನಿ ಮತ್ತೆ!

ಮರದ ಬೊಂಬೆ ಮಾಡುವ ಊರು. ಆ ಊರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಬೊಂಬೆಗೆ ಅರಗಿನ ಬಣ್ಣ ಹಚ್ಚುವುದರಲ್ಲಿ ಎತ್ತಿದ ಕೈ. ಅವಳಿಗೊಬ್ಬನೇ ಮಗ, ನಿಂಗರಾಜು. ಮೈ ಬಾಗಿಲೆತ್ತರ ಬೆಳೆದಿತ್ತು, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಇತ್ತು. ಒಲೆ ಮೇಲಿನ ಹಾಲು ನೋಡ್ಕೊಳ್ಳೋ ಅಂದರೆ ಪಕ್ಕದಲ್ಲೇ ಕೂತು, ಹಾಲೆಲ್ಲ ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಚಿಕ್ಕತಾಯಮ್ಮ ಹಣೆ ಹಣೆ ಬಡಿದುಕೊಂಡು, "ಅಯ್ಯೋ ನನ್ನ ಮಗನೇ!" ಅಂತ ಗೋಳಾಡುತ್ತಿದ್ದಳು. ಅವನೋ, ಅವ್ವ ತನ್ನನ್ನು ಹುಡುಕುತ್ತಿದ್ದಾಳೆ ಅಂದುಕೊಂಡು, "ನಾನಿಲ್ಲೇ ಇವ್ನಿ ಕಣವ್ವಾ!" ಅನ್ನುತ್ತಿದ್ದ. ದಿನಾ ಇದೇ. ಅವಳದು ಗೋಳು, ಇವನದು ಹಾಜರಿ.

ಕಾಲೇಜಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಈ ಸಲ ಪರೀಕ್ಷೆಯ ಬದಲು ಎಲ್ಲರೂ ಸೇರಿ ಒಂದು ಸಿನಿಮಾ ಮಾಡಬೇಕು ಅಂತ ಆಯಿತು. ಪುಟ್ಟಸ್ವಾಮಿ ಮೇಷ್ಟ್ರು ಖಡಕ್ಕಾಗಿ ಹೇಳಿದರು: "ನಿಂಗರಾಜು, ಇದರಲ್ಲಿ ಕೆಲಸ ಮಾಡಿ ಅಂಕ ತಗೊಂಡ್ರೆ ಪಾಸು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು."

ಚಿಕ್ಕತಾಯಮ್ಮ ಕೈ ಮುಗಿದಳು. "ನನ್ ಮಗ ಯಾವುದರಲ್ಲಾದ್ರೂ ಒಂದ್ಸಲ ಗೆಲ್ಲೋದ್ನ ನೋಡ್ಬೇಕು ಸ್ವಾಮಿ. ಒಂದೇ ಒಂದ್ಸಲ!"

ಸಿನಿಮಾದ ನಿರ್ದೇಶಕಿ ಅದೇ ಕ್ಲಾಸಿನ ಸಬೀಹಾ. ಹುಡುಗಿ ಚುರುಕು, ಅದಕ್ಕಿಂತ ಹಟ ಜಾಸ್ತಿ. "ಎಲ್ಲಾ ರೌಡಿ ಸಿನಿಮಾನೂ ಒಂದೇ. ಡಾನ್ ನಿಧಾನಕ್ಕೆ ನಡೀತಾನೆ. ಮಚ್ಚು ರಸ್ತೇಲಿ ಎಳೀತಾನೆ. ಕೊನೇಲಿ ಸಾಯ್ತಾನೆ, ತಾಯಿ ಮಡಿಲಲ್ಲಿ ಹಾಕ್ಕೊಂಡು ಅಳ್ತಾಳೆ. ನಾನೂ ಅದನ್ನೆಲ್ಲ ಮಾಡ್ತೀನಿ, ಆದ್ರೆ ಕೊನೆ ಮಾತ್ರ ಉಲ್ಟಾ! ನಮ್ಮ ಸಿನಿಮಾದಲ್ಲಿ ತಾಯಿ ಅಳಕೂಡದು!"

"ಅಳದೆ ಏನ್ ಮಾಡ್ತಾಳೆ?" ಅಂತ ಕೇಳಿದ ಡಾನ್ ಪಾತ್ರದ ಲೋಹಿತ.

"ಅದೇ ಹೊಳೀತಿಲ್ಲ!"

ಮಚ್ಚುಗಳನ್ನೆಲ್ಲ ಚಿಕ್ಕತಾಯಮ್ಮನೇ ಮರದಲ್ಲಿ ಮಾಡಿಸಿ, ಬೆಳ್ಳಿ ಬಣ್ಣ ಹಚ್ಚಿಕೊಟ್ಟಳು. ನಿಂಗರಾಜುಗೆ ಸಿಕ್ಕಿದ್ದು ಬಂಟನ ಪಾತ್ರ. ಸಬೀಹಾ ಬಿಡಿಸಿ ಹೇಳಿದಳು: "ಡಾನ್ ಎಲ್ಲಿ ಹೋದ್ರೂ ನೀನು ಅವನ ಹಿಂದೇನೇ ಇರ್ಬೇಕು. ಒಂದು ಹೆಜ್ಜೆನೂ ಬಿಡಬಾರದು!"

ಬಿಟ್ಟನೇ? ಬಿಡಲಿಲ್ಲ! ಶೂಟಿಂಗ್ ಮುಗಿಯಿತು, ಲೋಹಿತ ಬಸ್ಸು ಹತ್ತಿದ, ಇವನೂ ಹತ್ತಿದ. ಲೋಹಿತ ಮನೆಗೆ ನುಗ್ಗಿದ, ಇವನೂ ನುಗ್ಗಿದ. ಲೋಹಿತ ಬಚ್ಚಲಿಗೆ ಹೋಗಿ ಚಿಲಕ ಹಾಕಿದ, ಇವನು ಮಚ್ಚು ಹಿಡಿದು ಬಾಗಿಲಿಗೆ ಕಾವಲು ನಿಂತ! ಲೋಹಿತನ ಅಜ್ಜಿ ಕಂಡವಳೇ, "ಕೊಲೆ! ಕೊಲೆ!" ಅಂತ ಬೀದಿಗೆ ಓಡಿದಳು.

ಸುದ್ದಿ ಕೇಳಿ ಚಿಕ್ಕತಾಯಮ್ಮ, "ಅಯ್ಯೋ ನನ್ನ ಮಗನೇ!" ಅಂದಳು.

"ನಾನಿಲ್ಲೇ ಇವ್ನಿ ಕಣವ್ವಾ!"

"ಬೇರೇರ ಮನೆಗೆ ಹಂಗೆ ನುಗ್ತಾರೇನ್ಲಾ? ಬಾಗ್ಲಲ್ಲಿ ನಿಂತ್ಕೊಂಡು, ಕೈ ಮುಗ್ದು, ಊಟ ಆಯ್ತಾ ಅಂತ ಕೇಳ್ಬೇಕು ಕಣ್ಲಾ!"

"ಆಯ್ತು ಕಣವ್ವಾ, ಹಂಗೇ ಮಾಡ್ತೀನಿ!"

ಮಾರನೇ ದಿನ ಏನು ಚಿತ್ರೀಕರಣ? ಶತ್ರುವಿನ ಅಡ್ಡೆಗೆ ಬಂಟ ನುಗ್ಗಬೇಕು. ಒಳಗೆ ಶತ್ರು ಮೀಸೆ ತಿರುವುತ್ತಾ ಕೂತಿದ್ದಾನೆ. ನಿಂಗರಾಜು ಮಚ್ಚು ಹಿಡಿದು ಓಡಿ ಬಂದ. ಬಾಗಿಲಲ್ಲಿ ಗಕ್ಕನೆ ನಿಂತ. ಮಚ್ಚನ್ನು ಕಂಕುಳಿಗೆ ಸಿಕ್ಕಿಸಿ, ಕೈ ಮುಗಿದ. "ಊಟ ಆಯ್ತಾ?"

ಶತ್ರುವಿನ ಪಾತ್ರದವನು ಬೆಳಗಿನಿಂದ ಬರೀ ಹೊಟ್ಟೆಯಲ್ಲಿದ್ದ ಪಾಪ. "ಎಲ್ಲಪ್ಪಾ, ಇನ್ನೂ ಇಲ್ಲ" ಅಂದುಬಿಟ್ಟ!

ಸಬೀಹಾ ಕುರ್ಚಿ ಬಿಟ್ಟು ಎದ್ದಳು. "ಏಯ್! ರೌಡಿ ಊಟ ವಿಚಾರಿಸ್ತಾನೇನೋ? ಬಾಗಿಲನ್ನ ಒದ್ದು ಒಳಗೆ ನುಗ್ಬೇಕು! ಮೇಜಿನ ಮೇಲಿರೋದನ್ನೆಲ್ಲ ಒಂದೇ ಏಟಿಗೆ ಕೆಳಗೆ ಕೆಡವಬೇಕು! ಯಾವನೋ ಇಲ್ಲಿ ದೊಡ್ಡೋನು ಅಂತ ಕೂಗ್ಬೇಕು!"

"ಆಯ್ತು, ಹಂಗೇ ಮಾಡ್ತೀನಿ!"

ಮಾಡಿದ. ಎಲ್ಲಿ ಮಾಡಿದ? ಕಾಲೇಜಿನ ಒಳಗೆ ಚಿತ್ರೀಕರಣಕ್ಕೆ ಒಪ್ಪಿಗೆ ಬೇಕಿತ್ತು. ಅರ್ಜಿಗೆ ಸಹಿ ಹಾಕಿಸ್ಕೊಂಡು ಬಾ ಅಂತ ಪ್ರಿನ್ಸಿಪಾಲರ ಕೋಣೆಗೆ ಇವನನ್ನೇ ಕಳಿಸಿದರು. ಧಡ್ ಅಂತ ಬಾಗಿಲಿಗೆ ಒದೆ! ಸರ್ರನೆ ಮೇಜಿಗೆ ಒಂದೇಟು! ಫೈಲು, ಪೆನ್ನು, ಕಾಫಿ ಲೋಟ, ಎಲ್ಲಾ ನೆಲಕ್ಕೆ!

"ಯಾವನೋ ಇಲ್ಲಿ ದೊಡ್ಡೋನು?"

ಪ್ರಿನ್ಸಿಪಾಲರು ಕುರ್ಚಿ ಹಿಂದೆ ಅಡಗಿ, ಬೆರಳೆತ್ತಿ, "ನಾ... ನಾನೇ" ಅಂದರು.

ಒಪ್ಪಿಗೆಯೂ ಹೋಯಿತು, ಮರ್ಯಾದೆಯೂ ಹೋಯಿತು. ಕಾಲೇಜಿನ ಕಾಂಪೌಂಡಿನೊಳಗೆ ಕ್ಯಾಮೆರಾ ಕಾಣಕೂಡದು ಅಂತ ಆಜ್ಞೆ ಆಯಿತು. ಇವನನ್ನು ಬಿಟ್ಟುಬಿಡೋಣ ಅಂದರೆ ಅರ್ಧ ಸಿನಿಮಾದಲ್ಲಿ ಆಗಲೇ ಇವನ ಮುಖ ಇತ್ತು. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಪುಟ್ಟಸ್ವಾಮಿ ಮೇಷ್ಟ್ರು ಕಿವಿ ಹಿಂಡಿದರು. "ದೊಡ್ಡೋರ ಮುಂದೆ ದರ್ಪ ತೋರಿಸ್ತೀಯೇನೋ? ದೊಡ್ಡೋರು ಬಂದ್ರೆ ಕಾಲಿಗೆ ಬಿದ್ದು, ತಪ್ಪೆಲ್ಲ ನಂದೇ ಅನ್ಬೇಕು!"

"ಆಯ್ತು ಸಾರ್, ಹಂಗೇ ಮಾಡ್ತೀನಿ!"

ಕಾಲೇಜು ತಪ್ಪಿದ ಮೇಲೆ ರಸ್ತೆಯೇ ಗತಿ. ಲೋಹಿತ ಮೈಗೆಲ್ಲ ಕುಂಕುಮದ ನೀರು ಬಳಿದುಕೊಂಡು ರಸ್ತೆಯಲ್ಲಿ ಸತ್ತು ಬಿದ್ದಿದ್ದ. ಸುತ್ತಲೂ ಹುಡುಗರು ಮಚ್ಚು ಹಿಡಿದು ನಿಂತಿದ್ದರು. ಆ ಹೊತ್ತಿಗೆ ಸರಿಯಾಗಿ ಬೈಕಿನಲ್ಲಿ ಒಬ್ಬ ಪೇದೆ ಬಂದ. ಅಸಲಿ ಪೇದೆ, ಅಸಲಿ ಲಾಠಿ!

"ಯಾವನ್ರೋ ಇವನ್ನ ಹೊಡೆದು ಹಾಕ್ದೋನು?"

ನಿಂಗರಾಜು ದೊಪ್ಪನೆ ಕಾಲಿಗೆ ಬಿದ್ದ. "ತಪ್ಪೆಲ್ಲ ನಂದೇ!"

ಸತ್ತ ಲೋಹಿತ ಎದ್ದು ಕೂತ. "ಸಾರ್, ನಾನು ಸತ್ತಿಲ್ಲ ಸಾರ್!"

"ನೀನು ಸುಮ್ನೆ ಬಿದ್ಕೊಳ್ಳೋ! ಅವನೇ ಒಪ್ಕೊಂಡವ್ನೆ!"

ಹೆಣದ ಸಮೇತ ಎಲ್ಲರೂ ಠಾಣೆಗೆ! ಚಿಕ್ಕತಾಯಮ್ಮ ಕೈಯಲ್ಲಿ ಬಣ್ಣ ಮೆತ್ತಿಕೊಂಡೇ ಓಡಿ ಬಂದಳು. ಮಚ್ಚನ್ನು ಎತ್ತಿ ಠಾಣೆಯ ಮೇಜಿಗೆ ಟೊಕ್ ಟೊಕ್ ಅಂತ ಬಡಿದು ತೋರಿಸಿದಳು. "ನೋಡಿ ಸ್ವಾಮಿ! ಇದ್ರಲ್ಲಿ ಬದನೇಕಾಯೂ ಹೆಚ್ಚಕ್ಕಾಗಕಿಲ್ಲ!" ಪೇದೆ ನಕ್ಕು ಬಿಟ್ಟುಕಳಿಸಿದ. ದಾರಿಯುದ್ದಕ್ಕೂ ಮಗನಿಗೆ ಮಂಗಳಾರತಿ.

"ಅಯ್ಯೋ ನನ್ನ ಮಗನೇ!"

"ನಾನಿಲ್ಲೇ ಇವ್ನಿ ಕಣವ್ವಾ!"

"ಮಚ್ಚು ನೋಡಿ ಯಾರಾದ್ರೂ ಗಾಬ್ರಿ ಆದ್ರೆ, ಮಚ್ಚು ಮರದ್ದು, ಬಣ್ಣ ನಮ್ಮವ್ವಂದು ಅಂತ ಗಟ್ಟಿಯಾಗಿ ಹೇಳ್ಬೇಕು ಕಣ್ಲಾ!"

"ಆಯ್ತು ಕಣವ್ವಾ, ಹಂಗೇ ಮಾಡ್ತೀನಿ!"

ಕೊನೇ ದಿನ ಬಂತು. ನಾಳೆಯೇ ಸಿನಿಮಾ ತೋರಿಸಬೇಕು. ಸಬೀಹಾಳಿಗೆ ಕೊನೆ ಇನ್ನೂ ಹೊಳೆದಿರಲಿಲ್ಲ. ಪಾಪ, ಕಣ್ಣೆಲ್ಲ ಕೆಂಪಾಗಿತ್ತು. "ಆಗ್ಲಿ ಬಿಡಿ. ಎಲ್ಲರ ಹಾಗೇ ತಾಯಿ ಅಳಲಿ. ಆಂಟಿ, ಡಾನ್‌ನ ತಾಯಿ ನೀವೇ ಆಗ್ತೀರಾ?"

"ಅಳೋದು ತಾನೇ? ಅದ್ನ ನಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ ಕಣವ್ವಾ" ಅಂದಳು ಚಿಕ್ಕತಾಯಮ್ಮ.

ಅವಳ ಬೊಂಬೆ ಶೆಡ್ಡಿನಲ್ಲೇ ಚಿತ್ರೀಕರಣ. ಲೋಹಿತ ಅವಳ ಮಡಿಲಲ್ಲಿ ಸತ್ತು ಮಲಗಿದ. ಪಕ್ಕದಲ್ಲಿ ಮಚ್ಚು. ಹಿಂದೆ ಬಂಟ ನಿಂಗರಾಜು ತಲೆ ತಗ್ಗಿಸಿ ನಿಂತ. ಕ್ಯಾಮೆರಾ ಓಡಿತು. ಚಿಕ್ಕತಾಯಮ್ಮ ಮಚ್ಚು ನೋಡಿದಳು, ಹೆಣ ನೋಡಿದಳು, ಎದೆ ಬಡಿದುಕೊಂಡು ಕೂಗಿದಳು.

"ಅಯ್ಯೋ ನನ್ನ ಮಗನೇ!"

ಎಂಥ ಅಳು ಅಂತೀರಿ! ಕ್ಯಾಮೆರಾ ಹಿಡಿದ ಹುಡುಗನೇ ಮೂಗು ಒರೆಸಿಕೊಂಡ. ಅವ್ವ ಅಳುತ್ತಿದ್ದಾಳೆ, ಮಚ್ಚು ನೋಡಿ ಗಾಬರಿಯಾಗಿದ್ದಾಳೆ. ನಿಂಗರಾಜು ತಡೆದಾನೆಯೇ? ನೆಗೆದು ಮುಂದೆ ಬಂದ.

"ನಾನಿಲ್ಲೇ ಇವ್ನಿ ಕಣವ್ವಾ! ಇವ್ನು ನಮ್ಮನೆಯೋನೇ ಅಲ್ಲ! ಮಚ್ಚು ಮರದ್ದು, ಬಣ್ಣ ನಿಂದೇ!"

ಚಿಕ್ಕತಾಯಮ್ಮ ತಲೆ ಎತ್ತಿ ನೋಡಿದಳು. ಎದುರಿಗೆ ಮಗ, ಅವಳ ಕಣ್ಣೊರೆಸೋಕೆ ಅಂಗಿಯ ತುದಿ ಹಿಡಿದು ಬಗ್ಗಿದ್ದಾನೆ. ಅವಳಿಗೆ ನಗು ಬಂತು. ತಡೆದಷ್ಟೂ ಬಂತು. ಕಣ್ಣಲ್ಲಿ ನೀರು ಸುರಿಯುತ್ತಲೇ ನಕ್ಕಳು. ಅವಳ ಹೊಟ್ಟೆ ಕುಲುಕಿ ಮಡಿಲಲ್ಲಿದ್ದ ಹೆಣವೂ ಕುಲುಕಿತು, ಹೆಣವೂ ಕಿಸಕ್ ಅಂತ ನಕ್ಕಿತು!

"ಇದೇ ಕೊನೆ!" ಅಂತ ಸಬೀಹಾ ಕುಣಿದಳು. "ತಾಯಿ ನಕ್ಕಳು! ನಿಂಗರಾಜು, ಇನ್ಮೇಲೆ ಎಲ್ಲೇ ಆಗ್ಲಿ, ಅವ್ವ ಅತ್ತರೆ ಹೀಗೇ ಮಾಡೋ!"

"ಆಯ್ತು, ಹಂಗೇ ಮಾಡ್ತೀನಿ!"

ಮಾರನೇ ದಿನ ಊರ ಸಭಾಭವನ ತುಂಬಿತ್ತು. ಪ್ರಿನ್ಸಿಪಾಲರೂ ಬಂದಿದ್ದರು, ಬಾಗಿಲಿಂದ ದೂರವೇ ಕೂತಿದ್ದರು. ಚಿಕ್ಕತಾಯಮ್ಮ ಮಗನ ಪಕ್ಕದಲ್ಲಿ ಮುಷ್ಟಿ ಬಿಗಿದು ಕೂತಿದ್ದಳು. ಸಿನಿಮಾ ಓಡಿತು. ಸಬೀಹಾ ಅದನ್ನೂ ಕತ್ತರಿಸದೆ ಉಳಿಸಿದ್ದಳು: ಬಂಟ ಕೈ ಮುಗಿದು ಊಟ ವಿಚಾರಿಸಿದ, ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಪರದೆಯ ಮೇಲೆ ತಾಯಿ ಎದೆ ಬಡಿದುಕೊಂಡಳು. "ಅಯ್ಯೋ ನನ್ನ ಮಗನೇ!"

ಸಭೆಯ ನಡುವೆ ನಿಂಗರಾಜು ಎದ್ದು ನಿಂತ. "ನಾನಿಲ್ಲೇ ಇವ್ನಿ ಕಣವ್ವಾ! ಮಚ್ಚು ಮರದ್ದು, ಬಣ್ಣ ನಿಂದೇ!"

ಅವನು ಹೇಳಿ ಮುಗಿಸುವುದಕ್ಕೂ, ಪರದೆಯ ಮೇಲಿನ ಬಂಟ ನೆಗೆದು ಅದನ್ನೇ ಹೇಳುವುದಕ್ಕೂ ಸರಿಹೋಯಿತು. ಜನ ಎದ್ದು ಶಿಳ್ಳೆ ಹೊಡೆದರು. ಪುಟ್ಟಸ್ವಾಮಿ ಮೇಷ್ಟ್ರು ಮೈಕು ಹಿಡಿದರು. "ಬಂಟನ ಪಾತ್ರ ಮಾಡಿದ ಹುಡುಗನಿಗೆ ಪೂರ್ತಿ ಅಂಕ! ಅವನು ಪಾಸು!"

ಚಿಕ್ಕತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಗ ಗೆದ್ದ! ಒಂದ್ಸಲ ಗೆದ್ದ!

ಮಗ ಮಾತ್ರ ಕೆಂಡಾಮಂಡಲವಾಗಿ ಬೆಂಚು ಹತ್ತಿ ನಿಂತಿದ್ದ. ಪರದೆಯ ಕಡೆ ಕೈ ತೋರಿಸಿ ಕಿರುಚಿದ. "ಅನ್ಯಾಯ ಸಾರ್! ಮೊದ್ಲು ಹೇಳ್ದೋನು ನಾನು! ಆ ನನ್ಮಗ ನಾನು ಹೇಳಿದ್ನೇ ಕೇಳ್ಕೊಂಡು ಹೇಳ್ದ! ಅವನ್ನ ಫೇಲ್ ಮಾಡಿ ಸಾರ್!"